ಬಾಗಿಲು ಕಾಯುವ ನಾಯಿಗೆ ಸೂಜಿ ಹಾಕಿಸಿದ್ರಾ?

ಜತ್ತ: ದೀಪಾವಳಿ ಮುಗಿಯುವ ಹೊತ್ತಿಗೆ ತಾಲ್ಲೂಕಿನ ಹಳ್ಳಿಗಳಲ್ಲಿ ಮನೆಗಳಿಗೆ ಒಂದೊಂದಾಗಿ ಬೀಗ ಬೀಳುತ್ತವೆ. ಮುಕಾದಮನ ಟ್ರ್ಯಾಕ್ಟರ್ ಬಂದು ಅಗಸಿಯಲ್ಲಿ ನಿಲ್ಲುತ್ತದೆ. ಪಾತ್ರೆ ಪಗಡ, ಹಾಸಿಗೆ, ಕೊಯ್ತಾ, ಜೋಳದ ಹಿಟ್ಟಿನ ಚೀಲ, ಬುಟ್ಟಿಯಲ್ಲಿ ಎರಡು ಕೋಳಿ, ಶಾಲೆ ಅರ್ಧಕ್ಕೆ ಬಿಟ್ಟ ಮಕ್ಕಳು, ಎಲ್ಲ ಏರುತ್ತವೆ. ಏರದೇ ಉಳಿಯುವುದು ನಾಯಿ ಒಂದೇ. ಅದು ಟ್ರ್ಯಾಕ್ಟರ್ ಹಿಂದೆ ಹಳ್ಳದ ತನಕ ಓಡುತ್ತದೆ. ಅಲ್ಲಿ ನಿಂತು ನೋಡುತ್ತದೆ. ಆಮೇಲೆ ತಿರುಗಿ ಬಂದು ಬೀಗ ಹಾಕಿದ ಬಾಗಿಲ ಮುಂದೆ ಮಲಗುತ್ತದೆ.

ಕಬ್ಬಿನ ಟೋಳಿ ಊರಿಗೆ ತಿರುಗಿ ಬರುವುದು ಯುಗಾದಿ ಆಸುಪಾಸು. ಅಲ್ಲೀತನಕ ನಾಲ್ಕೈದು ತಿಂಗಳು ಆ ನಾಯಿಗೆ ಯಾರು? ಓಣಿಯಲ್ಲಿ ಕೇಳಿದರೆ ‘ಅದಾ? ಕಬ್ಬಿಗೆ ಹೋದವರ ನಾಯಿ ರೀ’ ಎನ್ನುತ್ತಾರೆ. ಮೊದಲ ವಾರ ಯಾರಾದರೂ ರೊಟ್ಟಿ ಎಸೆಯುತ್ತಾರೆ. ಎರಡನೇ ವಾರಕ್ಕೆ ಅದು ಬಸ್ ಸ್ಟ್ಯಾಂಡಿನ ಹೊಟೇಲಿನ ಹಿಂದೆ, ಕೋಳಿ ಅಂಗಡಿ ಮುಂದೆ ಉಳಿದ ನಾಯಿಗಳ ಹಿಂಡಿನಲ್ಲಿ ಸೇರಿರುತ್ತದೆ. ಅಲ್ಲಿ ಕಚ್ಚಾಟ, ಗಾಯ, ರೋಗ ಎಲ್ಲ ಇದ್ದದ್ದೇ. ಮನೆಯವರು ವಾಪಸ್ ಬಂದ ದಿನ ಅದೇ ನಾಯಿ ಬಾಲ ಅಲ್ಲಾಡಿಸುತ್ತ ಓಡಿ ಬರುತ್ತದೆ. ಮಕ್ಕಳು ಅದರ ಕೊರಳಿಗೆ ಬೀಳುತ್ತಾರೆ. ಈ ಐದು ತಿಂಗಳಲ್ಲಿ ಅದನ್ನು ಯಾವ ನಾಯಿ ಕಚ್ಚಿತ್ತು ಎಂದು ಕೇಳುವವರಿಲ್ಲ. ರೇಬೀಸ್ ಎಂಬುದು ಇಂಥ ಸಂದಿಯಲ್ಲೇ ಮನೆಯೊಳಗೆ ಬರುತ್ತದೆ.

ನಾಯಿ ಸಾಕುವುದು ಎಂದರೆ ಪುಣೆ, ಬೆಂಗಳೂರಿನ ಫ್ಲ್ಯಾಟುಗಳಲ್ಲಿ ಬಿಸ್ಕಿಟ್ ಹಾಕಿ ಹೊರಗೆ ತಿರುಗಾಡಿಸುವುದು ಎಂಬ ಭಾವನೆ ನಮ್ಮಲ್ಲಿ ಐತಿ. ಹಾಗೆ ನೋಡಿದರೆ ಈ ಗಡಿಭಾಗದಷ್ಟು ನಾಯಿ ಸಾಕುವವರು ಎಲ್ಲಿದ್ದಾರೆ? ಮಾಡಗ್ಯಾಳ ಕುರಿಗಳ ಹಟ್ಟಿಯಿಂದ ಹಿಡಿದು ಉಮದಿ, ಸಂಖ ಕಡೆಯ ದ್ರಾಕ್ಷಿ ತೋಟದ ವಸ್ತಿಗಳ ತನಕ ನಾಯಿ ಇಲ್ಲದ ಮನೆ ಹುಡುಕಬೇಕು. ಮೈಲಾರಲಿಂಗನೆಂದು ಕನ್ನಡದವರು, ಖಂಡೋಬಾ ಎಂದು ಮರಾಠಿಯವರು ಕೈಮುಗಿಯುವ ಒಬ್ಬನೇ ದೇವರ ಜತೆಗೂ ನಾಯಿ ಐತಿ. ಅದಕ್ಕೇ ಓಣಿಗೊಂದು ‘ವಾಘ್ಯಾ’ ಇದ್ದೇ ಇರುತ್ತದೆ. ಉಳಿದವು ಮೋತ್ಯಾ, ರಾಜಾ ಮತ್ತು ಟೈಗರ್. ಇಷ್ಟೆಲ್ಲ ಇದ್ದೂ ದವಾಖಾನೆಗೆ ಹೋಗುವ ಸಾಲಿನಲ್ಲಿ ಎಮ್ಮೆ, ಆಕಳು, ಕುರಿ ಮೊದಲು. ನಾಯಿ ಸರದಿ ಬರುವುದೇ ಇಲ್ಲ. ಅದು ಹಾಲು ಕೊಡುವುದಿಲ್ಲ, ಸಂತೆಯಲ್ಲಿ ಮಾರಾಟವೂ ಆಗುವುದಿಲ್ಲ ಎಂಬ ಲೆಕ್ಕ.

ಮಾರಾಟ ಆಗುವ ನಾಯಿ ಒಂದೈತಿ. ಉದ್ದ ಕಾಲು, ಸಣ್ಣ ನಡು, ಚೂಪು ಮೋತಿಯ ಬೇಟೆ ನಾಯಿ. ಈ ಕಡೆ ಕಾರವಾನಿ, ಕೂದಲು ಇದ್ದದ್ದಕ್ಕೆ ಪಶ್ಮಿ, ಕೃಷ್ಣೆ ದಾಟಿ ಆ ಕಡೆ ಹೋದರೆ ಅದೇ ಮುಧೋಳ ನಾಯಿ. ಭಾರತೀಯ ಕೆನಲ್ ಕ್ಲಬ್ಬಿನ ದಫ್ತರದಲ್ಲಿ ಇದರ ಹೆಸರು ಕ್ಯಾರವಾನ್ ಹೌಂಡ್. ಮುಧೋಳ ಸಂಸ್ಥಾನದ ದೊರೆ ಮಾಲೋಜಿರಾವ್ ಘೋರ್ಪಡೆ ಈ ತಳಿಯನ್ನು ಬೆಳೆಸಿ, ಇಂಗ್ಲೆಂಡಿನ ಐದನೇ ಜಾರ್ಜ್ ದೊರೆಗೆ ಒಂದು ಜೋಡಿ ಕಾಣಿಕೆ ಕೊಟ್ಟ ಮೇಲೆ ಮುಧೋಳದ ಹೆಸರು ಅಂಟಿತು ಎನ್ನುತ್ತಾರೆ. 2005ರಲ್ಲಿ ಅಂಚೆ ಇಲಾಖೆ ಇದರ ಚಿತ್ರದ ಸ್ಟ್ಯಾಂಪ್ ತಂದಿತು. 2016ರಲ್ಲಿ ಇದರ ಮರಿಗಳು ಮೀರತ್‌ನ ಸೇನಾ ತರಬೇತಿ ಕೇಂದ್ರಕ್ಕೆ ಹೋದವು. 2020ರಲ್ಲಿ ಕರ್ನಾಲದ ರಾಷ್ಟ್ರೀಯ ಪಶು ತಳಿ ಸಂಪನ್ಮೂಲ ಸಂಸ್ಥೆ ಮೊದಲ ಬಾರಿ ನಾಯಿ ತಳಿಗಳನ್ನು ನೋಂದಾಯಿಸಿದಾಗ ತಮಿಳುನಾಡಿನ ರಾಜಪಾಳ್ಯಂ, ಚಿಪ್ಪಿಪಾರೈ ಜತೆ ಮುಧೋಳವೂ ಇತ್ತು. ಅದೇ ವರ್ಷದ ಆಗಸ್ಟ್‌ನಲ್ಲಿ ಪ್ರಧಾನಿ ತಮ್ಮ ‘ಮನ್ ಕೀ ಬಾತ್’ನಲ್ಲಿ ಹೆಸರು ಹೇಳಿದರು. ಅಲ್ಲಿಂದ ಮರಿಗಳ ಗಿರಾಕಿ ಬೆಳೆಯಿತು.

ಗಿರಾಕಿ ಬೆಳೆದದ್ದು ಸಂತೋಷ. ಆದರೆ ಮರಿ ಕೊಳ್ಳುವವರ ಅವಸರ ನೋಡಿದರೆ ಹೆದರಿಕೆ ಆಗುತ್ತದೆ. ಕಣ್ಣು ಬಿಟ್ಟು ಹದಿನೈದು ದಿನ ಆಗಿರುವುದಿಲ್ಲ, ಜೋಳಿಗೆಯಲ್ಲಿ ಹಾಕಿಕೊಂಡು ಮೋಟರ್‌ಸೈಕಲ್ ಹತ್ತುತ್ತಾರೆ. ಮರಿ ಕನಿಷ್ಠ ಎಂಟು ವಾರ ತಾಯಿ ಹತ್ತಿರ, ಒಡಹುಟ್ಟಿದವುಗಳ ಜತೆ ಇರಬೇಕು. ತಾಯಿಯ ಮೊದಲ ಹಾಲಿನಿಂದ ಬಂದ ರೋಗನಿರೋಧಕ ಶಕ್ತಿಯ ಮೇಲೆ ಅದರ ಮೊದಲ ವಾರಗಳ ಜೀವ ನಿಂತಿರುತ್ತದೆ. ಎಷ್ಟು ಜೋರು ಕಚ್ಚಿದರೆ ಇನ್ನೊಬ್ಬರಿಗೆ ನೋವು ಆಗುತ್ತದೆ ಎಂಬ ಪಾಠವನ್ನೂ ಅದು ಕಲಿಯುವುದು ಉಳಿದ ಮರಿಗಳ ಜತೆ ಗುದ್ದಾಡುವಾಗ. ಮೂವತ್ತು ದಿನಕ್ಕೇ ತಂದ ಮರಿಗೆ ಆ ಪಾಠ ತಪ್ಪುತ್ತದೆ. ಆಮೇಲೆ ಮನೆ ಹುಡುಗರ ಕೈ ಕಚ್ಚುತ್ತದೆ ಎಂದು ಬಡಿಯುವುದು ಯಾವ ನ್ಯಾಯ?

ಇನ್ನೊಂದು ಮಾತು. ಕಾರವಾನಿಯ ಪಕ್ಕೆಲುಬು ಕಾಣುವುದು ಅದರ ಹುಟ್ಟುಗುಣ. ಉಪವಾಸ ಐತಿ ಎಂದು ತಿಳಿದು ಗೋಣಿ ತುಂಬಿದ ಹಾಗೆ ತಿನ್ನಿಸಬೇಡಿ. ಅದರ ಮೈಯಲ್ಲಿ ಕೊಬ್ಬು ಕಡಿಮೆ, ಚರ್ಮ ತೆಳು. ಚಳಿಗಾಲದಲ್ಲಿ ಒಂದು ಹಳೆಯ ಗೋಣಿಚೀಲ, ಗಾಳಿ ತಾಗದ ಮೂಲೆ ಬೇಕು. ಕೊಬ್ಬು ಕಡಿಮೆ ಇರುವುದರಿಂದಲೇ ಕೆಲವು ಅರಿವಳಿಕೆ ಔಷಧಿಗಳ ಅಮಲು ಇವುಗಳಿಗೆ ಬೇಗ ಇಳಿಯುವುದಿಲ್ಲ. ಸಂತಾನಹರಣ ಶಸ್ತ್ರಕ್ರಿಯೆಗೆ ಒಯ್ದಾಗ ‘ಇದು ಕಾರವಾನಿ ಐತಿ ಸಾಹೇಬ್ರ’ ಎಂದು ಮೊದಲೇ ಹೇಳಿಬಿಡಿ. ಡಾಕ್ಟರು ಅದಕ್ಕೆ ತಕ್ಕ ಔಷಧ ಆರಿಸುತ್ತಾರೆ.

ಸೂಜಿಯ ಲೆಕ್ಕ

ಹಳ್ಳಿಯಲ್ಲಿ ಬಹಳ ಜನಕ್ಕೆ ಗೊತ್ತಿರುವುದು ಒಂದೇ ಸೂಜಿ, ‘ಹುಚ್ಚಿನ ಸೂಜಿ’. ನಾಯಿಗೆ ಬೇಕಾದದ್ದು ಎರಡು ಬಗೆ. ಮರಿ ಆರರಿಂದ ಎಂಟು ವಾರದ್ದಾದಾಗ ಡಿಸ್ಟೆಂಪರ್, ಪಾರ್ವೊ, ಕಾಮಾಲೆ ಮುಂತಾದವುಗಳಿಗೆ ಸೇರಿಸಿ ಕೊಡುವ ಲಸಿಕೆ. ಅದನ್ನು ಮೂರು-ನಾಲ್ಕು ವಾರಕ್ಕೊಮ್ಮೆ, ಮರಿಗೆ ನಾಲ್ಕು ತಿಂಗಳು ತುಂಬುವ ತನಕ ಮತ್ತೆ ಹಾಕಿಸಬೇಕು. ಮೂರು ತಿಂಗಳಿಗೆ ರೇಬೀಸ್ ಲಸಿಕೆ, ಡಾಕ್ಟರು ಹೇಳಿದ ದಿನ ಅದರ ಬೂಸ್ಟರ್, ಆಮೇಲೆ ವರ್ಷಕ್ಕೊಮ್ಮೆ ತಪ್ಪದೆ.

ಪಾರ್ವೊ ಎಂಬುದು ಕೆಟ್ಟ ರೋಗ. ನಿನ್ನೆ ಆಡಿದ ಮರಿ ಇವತ್ತು ವಾಂತಿ ಮಾಡುತ್ತದೆ, ನಾಳೆ ರಕ್ತದ ಭೇದಿ, ನಾಡಿದ್ದು ಹೊಲದ ಬದುವಿನಲ್ಲಿ ಕುಣಿ. ‘ಮರಿ ಉಳೀಲಿಲ್ಲ, ನಮ್ಮ ಮನಿಗೆ ನಾಯಿ ಆಗಿ ಬರೂದಿಲ್ಲ’ ಎಂದು ಹಣೆಬರಹಕ್ಕೆ ಹಾಕುತ್ತಾರೆ. ಆಗಿ ಬರದ್ದು ನಾಯಿಯಲ್ಲ. ಪಾರ್ವೊ ವೈರಾಣು ಅಂಗಳದ ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ. ಸತ್ತ ಮರಿ ಇದ್ದ ಜಾಗದಲ್ಲೇ ಹೊಸ ಮರಿ ಕಟ್ಟಿದರೆ ಅದಕ್ಕೂ ಅದೇ ಗತಿ. ಹಾಸಿಗೆ ಸುಟ್ಟು, ಬಟ್ಟಲು, ನೆಲ ಬ್ಲೀಚಿಂಗ್ ನೀರಿನಿಂದ ತೊಳೆದು, ಮುಂದಿನ ಮರಿಗೆ ಲಸಿಕೆ ಪೂರ್ತಿ ಆದ ಮೇಲೇ ಮನೆಗೆ ತರುವುದು ಒಳ್ಳೆಯದು.

ಜಂತಿನ ಔಷಧವೂ ಹಾಗೇ. ಮರಿಗೆ ಎರಡು-ಮೂರು ವಾರ ಆದಾಗಿನಿಂದ ಮೂರು ತಿಂಗಳ ತನಕ ಹದಿನೈದು ದಿನಕ್ಕೊಮ್ಮೆ, ಆರು ತಿಂಗಳ ತನಕ ತಿಂಗಳಿಗೊಮ್ಮೆ, ಆಮೇಲೆ ಮೂರು ತಿಂಗಳಿಗೊಮ್ಮೆ. ನಾಯಿ ಹೊಟ್ಟೆಯ ಜಂತಿನ ತತ್ತಿ ಅಂಗಳದ ಮಣ್ಣಿಗೆ ಬಿದ್ದು, ಅಲ್ಲಿ ಆಡುವ ಕೂಸಿನ ಉಗುರಿನಿಂದ ಬಾಯಿಗೆ ಹೋಗುತ್ತದೆ. ನಾಯಿಗೆ ಕೊಟ್ಟ ಗುಳಿಗೆ ಕೂಸಿಗೂ ರಕ್ಷಣೆ ಎಂದು ತಿಳಿಯಿರಿ.

ಬಿ.ಕಾಂ. ಓದಿದವರಿಗೆ ಜಮಾ-ಖರ್ಚು ಬರೆಯುವ ಚಟ ಹೋಗುವುದಿಲ್ಲ. ಖಾಸಗಿ ಡಾಕ್ಟರಲ್ಲಿ ಹಾಕಿಸಿದರೂ ವರ್ಷದ ರೇಬೀಸ್ ಸೂಜಿಯ ಖರ್ಚು ಒಂದು ಜವಾರಿ ಕೋಳಿಯ ಬೆಲೆ ದಾಟುವುದು ಕಷ್ಟ. ಆ ಕಡೆ ಪುಟದಲ್ಲಿ ಏನಿದೆ ನೋಡಿ: ನಾಯಿ ಕಚ್ಚಿದರೆ ಮನೆಯ ಒಬ್ಬೊಬ್ಬರಿಗೂ ನಾಲ್ಕು ಸಲ ದವಾಖಾನೆ, ನಾಲ್ಕು ದಿನದ ಪಗಾರ, ಬಸ್ ಚಾರ್ಜು, ಅದರ ಮೇಲೆ ಹೆದರಿಕೆ.

‘ಸೂಜಿ ಹಾಕ್ಸಿದ್ರ ನಾಯಿ ಮೆತ್ತಗಾಗ್ತೈತಿ, ಕಳ್ಳರಿಗೆ ಬೊಗಳೂದಿಲ್ಲ’ ಎಂಬ ಮಾತು ಹಟ್ಟಿಗಳಲ್ಲಿ ಇನ್ನೂ ಓಡಾಡುತ್ತದೆ. ಲಸಿಕೆ ಹಾಕಿದ ದಿನ ಒಂದಿಷ್ಟು ಮೈ ಬಿಸಿ ಆಗಬಹುದು, ಒಂದು ದಿನ ಮಂಕಾಗಿರಬಹುದು. ಅಷ್ಟೇ. ಸಂತಾನಹರಣದ ಬಗ್ಗೆಯೂ ಇದೇ ಅನುಮಾನ. ಶಸ್ತ್ರಕ್ರಿಯೆ ಆದ ನಾಯಿ ಬೊಗಳುತ್ತದೆ, ಕಾಯುತ್ತದೆ. ಹೆಣ್ಣಿಗಾಗಿ ಊರೂರು ತಿರುಗಿ ಕಚ್ಚಾಡುವುದು ಕಡಿಮೆ ಆಗುತ್ತದೆ. ಹೆಣ್ಣು ನಾಯಿಗೆ ಗರ್ಭಕೋಶದಲ್ಲಿ ಕೀವು ತುಂಬುವ ರೋಗ ತಪ್ಪುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ಗಬ್ಬದ ಅರವತ್ಮೂರು ದಿನ ತುಂಬಿ ಹುಟ್ಟಿದ ಆರೇಳು ಮರಿಗಳನ್ನು ಚೀಲದಲ್ಲಿ ಹಾಕಿ ಪರ ಊರಿನ ರಸ್ತೆಯಲ್ಲಿ ಬಿಟ್ಟು ಬರುವ ಪಾಪ ತಪ್ಪುತ್ತದೆ.

ಗೀರಿದರೂ ಹೇಳಬೇಕು

ನಾಯಿ ಕಚ್ಚಿದಾಗ ನಮ್ಮಲ್ಲಿ ಆಗುವ ಕೆಲಸ ಬಹಳ. ಖಾರದ ಪುಡಿ ಮೆತ್ತುತ್ತಾರೆ, ಸುಣ್ಣ ಹಚ್ಚುತ್ತಾರೆ, ಅರಿಷಿಣ, ಸೀಮೆಎಣ್ಣೆ, ತಂಬಾಕು. ಮಂತ್ರ ಹಾಕುವವರ ಹತ್ತಿರ ಒಯ್ಯುತ್ತಾರೆ. ಮಾಡಬೇಕಾದ ಮೊದಲ ಕೆಲಸಕ್ಕೆ ಮಾತ್ರ ಪುರುಸೊತ್ತಿಲ್ಲ. ಅದು ಇಷ್ಟೇ: ಗಾಯವನ್ನು ಹರಿಯುವ ನೀರಿನ ಕೆಳಗೆ ಸಾಬೂನು ಹಚ್ಚಿ ಹದಿನೈದು ನಿಮಿಷ ತೊಳೆಯುವುದು. ಬಟ್ಟೆ ತೊಳೆಯುವ ಸಾಬೂನಾದರೂ ನಡೆಯುತ್ತದೆ. ರೇಬೀಸ್ ವೈರಾಣುವಿನ ಹೊರಪದರ ಸಾಬೂನಿಗೆ ಕರಗುತ್ತದೆ. ಬೋರಿನ ಪೈಪ್ ಹತ್ತಿರ ಇದ್ದರೆ ಅಲ್ಲೇ ಕೂಡಿಸಿ. ಹದಿನೈದು ನಿಮಿಷ ಎಂದರೆ ಸಣ್ಣ ಹೊತ್ತಲ್ಲ, ಗಡಿಯಾರ ನೋಡಿಕೊಂಡೇ ತೊಳೆಯಿರಿ. ಆಮೇಲೆ ಗಾಯ ಬಿಗಿಯಾಗಿ ಕಟ್ಟದೆ ದವಾಖಾನೆಗೆ.

ಸರಕಾರಿ ದವಾಖಾನೆಯಲ್ಲಿ ಚರ್ಮದೊಳಗೆ ಕೊಡುವ ಲಸಿಕೆ ಹೋದ ದಿನ, ಮೂರನೇ ದಿನ, ಏಳನೇ ದಿನ, ಇಪ್ಪತ್ತೆಂಟನೇ ದಿನ, ಹೀಗೆ ನಾಲ್ಕು ಸರದಿ. ದುಡ್ಡು ಇಲ್ಲ. ರಕ್ತ ಬಂದ ಗಾಯವಾದರೆ ಲಸಿಕೆ ಜತೆಗೆ ಗಾಯದ ಸುತ್ತಲೂ ಸೀರಂ ಹಾಕಬೇಕು. ಇದನ್ನು ನೀವೇ ನೆನಪಿಸಿ ಕೇಳಿ. ಸಣ್ಣ ಕೇಂದ್ರದಲ್ಲಿ ಸೀರಂ ಇಲ್ಲದಿದ್ದರೆ ಮಿರಜ, ಸಾಂಗಲಿ ಅಥವಾ ವಿಜಯಪುರದ ದೊಡ್ಡ ಸರಕಾರಿ ಆಸ್ಪತ್ರೆಗೆ ಹೋಗಬೇಕಾಗುತ್ತದೆ. ಗಡಿಯ ಯಾವ ಬದಿ ಎಂದು ನೋಡುತ್ತ ಕೂಡುವ ಹೊತ್ತು ಅದಲ್ಲ. ಹಿರಿಯರು ಇನ್ನೂ ‘ಹೊಕ್ಕಳ ಸುತ್ತ ಹದಿನಾಲ್ಕು ಸೂಜಿ’ ಎಂದು ಹೆದರಿಸುತ್ತಾರೆ. ಕುರಿ ಮೆದುಳಿನಿಂದ ಮಾಡುತ್ತಿದ್ದ ಆ ಹಳೆಯ ಲಸಿಕೆಯನ್ನು ದೇಶದಲ್ಲಿ 2005ರ ಹೊತ್ತಿಗೇ ನಿಲ್ಲಿಸಲಾಗಿದೆ. ಈಗ ಸೂಜಿ ತೋಳಿಗೆ. ಬಸುರಿ, ಬಾಣಂತಿ, ಕೂಸು ಯಾರಿಗೆ ಆದರೂ ಹಾಕಬಹುದು.

ಮೂರು ಸೂಜಿ ಆದ ಮೇಲೆ ನಾಲ್ಕನೆಯದು ಬಿಡುವವರು ಬಹಳ. ಗಾಯ ಒಣಗಿದರೆ ಕೆಲಸ ಮುಗಿಯಿತು ಎಂದು ತಿಳಿಯುತ್ತಾರೆ. ರೇಬೀಸ್ ಸಾಮಾನ್ಯವಾಗಿ ಕಚ್ಚಿದ ಒಂದರಿಂದ ಮೂರು ತಿಂಗಳೊಳಗೆ ಏಳುತ್ತದೆ, ಕೆಲವೊಮ್ಮೆ ಅದಕ್ಕೂ ತಡವಾಗಿ. ನೀರು ಕಂಡರೆ ಗಂಟಲು ಬಿಗಿಯುವ ಲಕ್ಷಣ ಕಾಣಿಸಿದ ಮೇಲೆ ಜಗತ್ತಿನ ಯಾವ ದವಾಖಾನೆಗೆ ಒಯ್ದರೂ ಬದುಕುವುದು ಇಲ್ಲವೆಂದೇ ಹೇಳಬೇಕು. 1885ರಲ್ಲಿ ಲೂಯಿ ಪಾಶ್ಚರ್ ಲಸಿಕೆ ಕಂಡುಹಿಡಿದು ಒಬ್ಬ ಹುಡುಗನನ್ನು ಉಳಿಸಿದ. ಇಷ್ಟು ವರ್ಷ ಆದ ಮೇಲೂ ಈ ರೋಗಕ್ಕೆ ಮನುಷ್ಯ ಸಾಯುವುದು ಬಹುತೇಕ ತಡಮಾಡಿದ್ದಕ್ಕೆ.

ಎಲ್ಲಕ್ಕಿಂತ ದೊಡ್ಡ ಗಂಡಾಂತರ ಮಕ್ಕಳು ಸುಮ್ಮನಿರುವುದು. ನಾಯಿ ಬಾಲ ಎಳೆದು ಗೀರಿಸಿಕೊಂಡ ಹುಡುಗ ‘ಅವ್ವ ಬಡೀತಾಳ’ ಎಂದು ಅಂಗಿ ತೋಳು ಇಳಿಸಿಕೊಂಡು ಅಡ್ಡಾಡುತ್ತಾನೆ. ಮನೆಯಲ್ಲಿ ಒಂದು ಮಾತು ಮೊದಲೇ ಹೇಳಿಡಿ: ನಾಯಿ ಗೀರಿದರೆ, ಕಚ್ಚಿದರೆ, ಗಾಯ ನೆಕ್ಕಿದರೆ ಬಂದು ಹೇಳು, ಬೈಯೂದಿಲ್ಲ. ಹೇಳಿದ ಮೇಲೆ ನಿಜಕ್ಕೂ ಬೈಯಬೇಡಿ. ಉಣ್ಣುವ ನಾಯಿ, ಮರಿ ಹಾಕಿದ ನಾಯಿ, ಮಲಗಿದ ನಾಯಿ ಹತ್ತಿರ ಹೋಗಬಾರದು. ಬೆನ್ನು ಹತ್ತಿದರೆ ಓಡದೆ ಗಿಡದ ಹಾಗೆ ನಿಲ್ಲಬೇಕು ಎಂಬುದನ್ನೂ ಕಲಿಸಿ. ಕಾರವಾನಿಯಂಥ ಬೇಟೆ ತಳಿಗೆ ಓಡುವುದು ಕಂಡರೆ ಬೆನ್ನಟ್ಟುವುದು ರಕ್ತದಲ್ಲೇ ಐತಿ.

ಸಾಕಿದ ನಾಯಿಯೇ ಕಚ್ಚಿದ್ದರೆ ಅದನ್ನು ಬಡಿದು ಕೊಲ್ಲಬೇಡಿ. ಕಟ್ಟಿ ಹಾಕಿ, ನೀರು-ಅನ್ನ ಕೊಟ್ಟು ಹತ್ತು ದಿನ ನೋಡಬೇಕು. ಕಚ್ಚುವಾಗ ಅದರ ಜೊಲ್ಲಿನಲ್ಲಿ ರೇಬೀಸ್ ಇದ್ದರೆ ಹತ್ತು ದಿನದೊಳಗೆ ಅದು ಸಾಯುತ್ತದೆ. ಆದರೆ ಹತ್ತು ದಿನ ಆಗಲಿ ಎಂದು ಕಾಯುತ್ತ ಸೂಜಿ ನಿಲ್ಲಿಸಬಾರದು, ಅದು ಮೊದಲ ದಿನವೇ ಶುರು ಆಗಬೇಕು.

ಬೇದಾಣೆ ಶೆಡ್ಡಿನ ವಿಷ

ಮ್ಹೈಸಾಳ ಯೋಜನೆಯ ನೀರು ಬಂದ ಕಡೆ, ಬೋರು ಹತ್ತಿದ ಕಡೆ ದ್ರಾಕ್ಷಿ ಹಬ್ಬಿದೆ. ಫೆಬ್ರುವರಿಯಿಂದ ಏಪ್ರಿಲ್ ತನಕ ಬೇದಾಣೆ ಶೆಡ್ಡುಗಳಲ್ಲಿ ಒಣದ್ರಾಕ್ಷಿ ರಾಶಿ. ತಾಸಗಾಂವ, ವಿಜಯಪುರ ಮಾರುಕಟ್ಟೆಗೆ ಹೋಗುವ ಮೊದಲು ಅದನ್ನು ಕಾಯುವುದು ನಾಯಿಗಳೇ. ಆ ನಾಯಿಗಳ ಮುಂದೆ ಉದುರಿದ ಬೇದಾಣೆಯನ್ನು ಪ್ರೀತಿಯಿಂದ ಹಾಕುವವರಿಗೆ ಗೊತ್ತಿಲ್ಲದ ಸಂಗತಿ ಒಂದೈತಿ. ದ್ರಾಕ್ಷಿ, ಅದರಲ್ಲೂ ಒಣದ್ರಾಕ್ಷಿ, ನಾಯಿಗೆ ವಿಷ. ಮೂತ್ರಪಿಂಡಕ್ಕೆ ಹೊಡೆಯುತ್ತದೆ. ಒಂದು ದಿನದೊಳಗೆ ವಾಂತಿ, ಆಮೇಲೆ ಮಂಕು, ಊಟ ಬಿಡುವುದು, ಎರಡು-ಮೂರು ದಿನಕ್ಕೆ ಮೂತ್ರವೇ ನಿಲ್ಲುವುದು. ಒಂದು ನಾಯಿ ಬೊಗಸೆ ತಿಂದು ದಕ್ಕಿಸಿಕೊಳ್ಳಬಹುದು, ಇನ್ನೊಂದು ನಾಲ್ಕು ಕಾಳಿಗೇ ಬೀಳಬಹುದು. ಇಷ್ಟು ತಿಂದರೆ ನಡೆಯುತ್ತದೆ ಎಂಬ ಅಳತೆ ಇದಕ್ಕಿಲ್ಲ. ಆದ್ದರಿಂದ ‘ನಮ್ಮ ನಾಯಿ ಹೋದ ವರ್ಷ ತಿಂದಿತ್ತಲ್ಲ, ಏನೂ ಆಗ್ಲಿಲ್ಲ’ ಎಂಬುದು ಸಾಕ್ಷಿಯಲ್ಲ. ಇದಕ್ಕೆ ದ್ರಾಕ್ಷಿಯ ಟಾರ್ಟಾರಿಕ್ ಆಮ್ಲವೇ ಕಾರಣ ಇರಬೇಕೆಂದು ಈಚಿನ ವರ್ಷಗಳಲ್ಲಿ ಪಶುವೈದ್ಯ ವಿಜ್ಞಾನಿಗಳು ಹೇಳುತ್ತಿದ್ದಾರೆ. ಅದೇ ಆಮ್ಲ ಹುಣಸೆಹಣ್ಣಿನಲ್ಲೂ ಬಹಳ. ಹುಣಸೆ ಹಿಂಡಿದ ಸಾರು ನಾಯಿಗೆ ಸುರಿಯುವ ಮುನ್ನ ಒಂದು ಸಲ ಯೋಚಿಸಿ.

ಉಳ್ಳಾಗಡ್ಡಿ, ಬೆಳ್ಳುಳ್ಳಿ ರಕ್ತದ ಕೆಂಪು ಕಣಗಳನ್ನು ಒಡೆಯುತ್ತವೆ. ಚಾಕಲೇಟ್ ಹೃದಯಕ್ಕೆ ಕೆಟ್ಟದ್ದು. ಬೇಯಿಸಿದ ಕೋಳಿ ಎಲುಬು ಚೂಪಾಗಿ ಸೀಳಿ ಕರುಳಿಗೆ ಚುಚ್ಚುತ್ತದೆ. ಹಾಗಾದರೆ ಏನು ಹಾಕಬೇಕು? ಉಪ್ಪು-ಖಾರ ಇಲ್ಲದ ಜೋಳ ಅಥವಾ ಸಜ್ಜೆ ರೊಟ್ಟಿ, ಮೇಲೆ ಮಜ್ಜಿಗೆ, ಬೇಯಿಸಿದ ತತ್ತಿ, ಎಲುಬು ತೆಗೆದ ಮಾಂಸ. ರೊಟ್ಟಿ-ಹಾಲು ಎರಡರ ಮೇಲೇ ಬೆಳೆದ ಮರಿಗೆ ಕಾಲು ಸೊಟ್ಟ ಆಗುವುದನ್ನು ಎಲ್ಲರೂ ಕಂಡಿದ್ದೇವೆ. ಬೆಳೆಯುವ ಮರಿಗೆ ತತ್ತಿ, ಮಾಂಸ ಇರಲೇಬೇಕು.

ದ್ರಾಕ್ಷಿ ತೋಟದಲ್ಲಿ ಇನ್ನೊಂದು ಹೆದರಿಕೆ ಔಷಧ. ಸಿಂಪರಣೆ ಮಾಡಿದ ಡ್ರಮ್ಮಿನ ತಳದ ನೀರು ನಾಯಿ ಕುಡಿಯುತ್ತದೆ. ಇಲಿ ಪಾಷಾಣ ಬೆರೆಸಿದ ಹಿಟ್ಟಿನ ಉಂಡೆ ತಿನ್ನುತ್ತದೆ. ಜೊಲ್ಲು ಸುರಿಸುತ್ತ ನಡುಗುತ್ತಿದ್ದರೆ ಎಣ್ಣೆ, ಹಾಲು ಗಂಟಲಿಗೆ ಸುರಿಯಬೇಡಿ, ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ಔಷಧದ ಡಬ್ಬಿಯನ್ನೇ ಜತೆಗೆ ತೆಗೆದುಕೊಂಡು ಡಾಕ್ಟರ ಹತ್ತಿರ ಓಡಬೇಕು. ಡಬ್ಬಿಯ ಮೇಲಿನ ಹೆಸರು ಕಂಡರೆ ಅವರಿಗೆ ಅರ್ಧ ಕೆಲಸ ಸುಲಭ. ಜ್ವರ ಬಂದಿತು ಎಂದು ಮನೆಯಲ್ಲಿದ್ದ ಮೈಕೈ ನೋವಿನ ಗುಳಿಗೆಯನ್ನು ರೊಟ್ಟಿಯಲ್ಲಿ ಸುತ್ತಿ ತಿನ್ನಿಸುವುದೂ ಇದೇ ಜಾತಿಯ ಅಪಾಯ. ಮನುಷ್ಯರ ಐಬುಪ್ರೊಫೆನ್, ಡೈಕ್ಲೊಫೆನಾಕ್ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡುತ್ತವೆ, ಮೂತ್ರಪಿಂಡ ಕೆಡಿಸುತ್ತವೆ.

ಉಣ್ಣಿ ಬಗ್ಗೆ ಹೇಳದಿದ್ದರೆ ಕುರಿ ಕಾಯುವವರು ನಗುತ್ತಾರೆ. ಕುರಿ ಹಟ್ಟಿಯ ನಾಯಿಯ ಕಿವಿಯೊಳಗೆ, ಬೆರಳ ಸಂದಿಯಲ್ಲಿ ಉಣ್ಣಿ ಗೊಂಚಲು ಗೊಂಚಲು. ಅದು ರಕ್ತ ಹೀರುವುದು ಒತ್ತಟ್ಟಿಗಿರಲಿ, ಉಣ್ಣಿ ಜ್ವರ ತರುತ್ತದೆ. ವಸಡು ಬಿಳಿಚಿದರೆ, ಮೂಗಿನಿಂದ ರಕ್ತ ಬಂದರೆ, ಮೂತ್ರ ಚಹಾದ ಬಣ್ಣಕ್ಕೆ ತಿರುಗಿದರೆ ಅವತ್ತೇ ಡಾಕ್ಟರಿಗೆ ತೋರಿಸಿ. ರಕ್ತ ಪರೀಕ್ಷೆ ಮಾಡಿ ಸಮಯಕ್ಕೆ ಔಷಧ ಕೊಟ್ಟರೆ ಉಳಿಯುತ್ತದೆ. ಕುರಿ ಮೀಸುವ ಔಷಧವನ್ನೇ ಅಂದಾಜಿನ ಮೇಲೆ ಗಟ್ಟಿಯಾಗಿ ಕಲಸಿ ನಾಯಿಗೂ ಸುರಿದರೆ ಉಣ್ಣಿ ಜತೆ ನಾಯಿಯೂ ಹೋದೀತು. ಅಳತೆ ಕೇಳಿ ಹಾಕಿ, ಅದು ಮೈ ನೆಕ್ಕದಂತೆ ಒಣಗುವ ತನಕ ಬಾಯಿ ಕಟ್ಟಿ. ಹಾಸುವ ಗೋಣಿ, ಗೋಡೆಯ ಬಿರುಕು ಬಿಟ್ಟು ನಾಯಿ ಮೈಗಷ್ಟೇ ಔಷಧ ಹಾಕಿದರೆ ಎಂಟು ದಿನಕ್ಕೆ ಉಣ್ಣಿ ಮತ್ತೆ ಹಾಜರ್.

ಬೇಸಿಗೆಯಲ್ಲಿ ಪತ್ರಾಸಿನ ಶೆಡ್ಡಿನ ಕೆಳಗೆ ಮಧ್ಯಾಹ್ನ ನಾಯಿ ಕಟ್ಟುವುದು ಎಂದರೆ ಹಂಚಿನ ಮೇಲೆ ಇಟ್ಟ ಹಾಗೆ. ನಾಯಿ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ, ನಾಲಿಗೆ ಚಾಚಿ ತೇಕಿಯೇ ತಂಪಾಗಬೇಕು. ಬೇವಿನ ನೆರಳು, ಮಣ್ಣಿನ ಪಾತ್ರೆಯಲ್ಲಿ ನೀರು, ಇಷ್ಟಾದರೂ ಇರಲಿ. ತೇಕುತ್ತ ಬಿದ್ದರೆ ಸಾದಾ ನೀರು ಹೊಟ್ಟೆಗೆ, ಕಾಲಿಗೆ ಹಾಕಿ ಗಾಳಿ ಬೀಸಿ. ಬರ್ಫದ ನೀರು ಬೇಡ.

ಐವತ್ತು ರೂಪಾಯಿ ಕಾಯ್ದೆ

‘ನಾಯಿ ಕಟ್ಟಿದಷ್ಟೂ ಶೂರ ಆಗ್ತೈತಿ’ ಎಂಬುದು ನಮ್ಮ ಕಡೆ ಬೇರು ಬಿಟ್ಟ ಮಾತು. ಹಗಲೆಲ್ಲ ಮೂರು ಅಡಿ ಸರಪಳಿಯಲ್ಲಿ ಇದ್ದ ನಾಯಿ ಸಿಟ್ಟಿನಿಂದ ಹುಚ್ಚೆದ್ದಿರುತ್ತದೆ, ಶೂರ ಆಗಿರುವುದಿಲ್ಲ. ಕಳ್ಳನಿಗೂ ಕಚ್ಚುತ್ತದೆ, ಹಾಲು ಹಾಕುವ ಹುಡುಗನಿಗೂ ಕಚ್ಚುತ್ತದೆ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಮಿನಲ್ಲಿ ಸಣ್ಣ ಅಥವಾ ಭಾರದ ಸರಪಳಿಯಲ್ಲಿ ಬಹಳ ಹೊತ್ತು ಕಟ್ಟುವುದು, ಸದಾ ಕಟ್ಟಿದ ನಾಯಿಯನ್ನು ಅಡ್ಡಾಡಿಸದೆ ಬಿಡುವುದು ಎರಡೂ ಅಪರಾಧ ಎಂದೇ ಬರೆದಿದೆ. ಮೊದಲ ಸಲಕ್ಕೆ ದಂಡ ಎಷ್ಟು? ಹತ್ತರಿಂದ ಐವತ್ತು ರೂಪಾಯಿ! ಆ ಕಾಲಕ್ಕೆ ಅದು ದೊಡ್ಡ ದುಡ್ಡು ಇದ್ದೀತು. ಈಗ ಎರಡು ಪ್ಲೇಟ್ ಭಜಿ ಬರುವುದಿಲ್ಲ. ಆದರೆ ನಾಯಿ ಇನ್ನೊಬ್ಬರಿಗೆ ಕಚ್ಚದಂತೆ ನೋಡಿಕೊಳ್ಳದ ಒಡೆಯನಿಗೆ 2024ರ ಜುಲೈನಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಮಿನಲ್ಲಿ ಆರು ತಿಂಗಳ ತನಕ ಕೈದು ಅಥವಾ ಐದು ಸಾವಿರದ ತನಕ ದಂಡ, ಇಲ್ಲವೇ ಎರಡೂ ಆಗಬಹುದು. ಕಾರವಾನಿ ಬಿಟ್ಟು ಮೊಲ ಹಿಡಿಸುವ ಚಟ ಇದ್ದವರು 1972ರ ವನ್ಯಜೀವಿ ಕಾಯ್ದೆಯನ್ನೂ ನೆನಪಿಡಬೇಕು. ಮೊಲದ ಬೇಟೆ ಅಪರಾಧ, ನಾಯಿ ಓಡಿತು ನಾನಲ್ಲ ಎಂದರೆ ನಡೆಯುವುದಿಲ್ಲ.

ಬಾ ಎಂದರೆ ಬಾ

ಶಿಸ್ತು ಕಲಿಸುವುದಕ್ಕೆ ನಮ್ಮ ಗಡಿಯ ಮನೆಗಳಲ್ಲಿ ಒಂದು ವಿಚಿತ್ರ ತೊಡಕು ಇದೆ. ಅಜ್ಜಿ ‘ಕೂಡು’ ಎನ್ನುತ್ತಾಳೆ. ಪಕ್ಕದ ಮನೆಯ ಮಾವಶಿ ‘ಬಸ್’ ಎನ್ನುತ್ತಾಳೆ. ಇಂಗ್ಲಿಷ್ ಶಾಲೆಗೆ ಹೋಗುವ ಮೊಮ್ಮಗ ‘ಸಿಟ್’ ಎನ್ನುತ್ತಾನೆ. ಅಪ್ಪ ಮೊಬೈಲಿನಲ್ಲಿ ಮಾತಾಡುತ್ತ ‘ಬಸ್ ಬಸ್, ಸಾಕು’ ಎಂದರೂ ಪಾಪ ನಾಯಿ ಕೂಡಬೇಕೋ ಬೇಡವೋ ಎಂದು ನೋಡುತ್ತದೆ. ನಾಯಿಗೆ ಭಾಷೆಯ ಜಗಳ ಇಲ್ಲ, ಕನ್ನಡವೋ ಮರಾಠಿಯೋ ಯಾವುದಾದರೂ ಸರಿ. ಆದರೆ ಒಂದು ಕೆಲಸಕ್ಕೆ ಒಂದೇ ಶಬ್ದ ಇರಬೇಕು, ಮನೆಮಂದಿಯೆಲ್ಲ ಅದನ್ನೇ ಹೇಳಬೇಕು. ಮೊದಲ ದಿನವೇ ಕೂತು ಗೊತ್ತು ಮಾಡಿಕೊಳ್ಳಿ.

ಕೂಡಲು ಕಲಿಸುವುದು ಸರಳ. ರೊಟ್ಟಿಯ ಸಣ್ಣ ಚೂರು ಅದರ ಮೂಗಿನ ಹತ್ತಿರ ಹಿಡಿದು ನಿಧಾನಕ್ಕೆ ತಲೆ ಮೇಲೆ ಹಿಂದಕ್ಕೆ ಒಯ್ಯಿರಿ. ಮೋತಿ ಮೇಲಾದಂತೆ ಕುಂಡಿ ತಾನೇ ನೆಲಕ್ಕೆ ತಾಗುತ್ತದೆ. ತಾಗಿದ ಕ್ಷಣಕ್ಕೆ ‘ಕೂಡು’, ರೊಟ್ಟಿ, ಶಭಾಶ್. ಐದು ನಿಮಿಷ ಸಾಕು, ದಿನಕ್ಕೆ ಎರಡು-ಮೂರು ಸಲ. ಹೊಟ್ಟೆ ತುಂಬಿದಾಗ ಕಲಿಸಬೇಡಿ, ಉಣ್ಣುವ ಮುಂಚೆ ಕಲಿಸಿ. ‘ಬಾ’ ಎಂಬುದು ಎಲ್ಲಕ್ಕಿಂತ ಬೆಲೆಯ ಮಾತು, ಹೈವೇ ಪಕ್ಕದ ವಸ್ತಿಯಲ್ಲಂತೂ ಜೀವ ಉಳಿಸುವ ಮಾತು. ಇದನ್ನು ನಾವೇ ಕೆಡಿಸುತ್ತೇವೆ. ಕೋಳಿ ಹಿಡಿದ ನಾಯಿಯನ್ನು ‘ಬಾ ಬಾ’ ಎಂದು ಕರೆದು, ಬಂದ ಮೇಲೆ ಬಡಿಗೆಯಿಂದ ಬಾರಿಸುತ್ತೇವೆ. ನಾಯಿ ತಿಳಿಯುವುದು, ಕೋಳಿ ಹಿಡಿದದ್ದಕ್ಕೆ ಏಟಲ್ಲ, ಕರೆದಾಗ ಬಂದದ್ದಕ್ಕೆ ಏಟು ಎಂದು. ಮರುದಿನ ನೀವು ಕರೆದರೆ ಅದು ದೂರ ನಿಂತು ನೋಡುತ್ತದೆ. ಆಮೇಲೆ ನಾಯಿ ಬಾಲ ಡೊಂಕು ಎಂದು ಗಾದೆ ಹೇಳುತ್ತೇವೆ. ಕಾರವಾನಿಯ ಕಣ್ಣಿಗೆ ಮೊಲ ಬಿದ್ದ ಮೇಲೆ ಕಿವಿ ಕೇಳಿಸುವುದಿಲ್ಲ, ಅದೂ ನಿಜ. ಆದ್ದರಿಂದ ಎಷ್ಟೇ ಕಲಿತಿದ್ದರೂ ಅದನ್ನು ರಸ್ತೆ ಬದಿ ಹಗ್ಗ ಬಿಚ್ಚಿ ಬಿಡಬಾರದು.

ಮರಿ ಮೂರು ವಾರದಿಂದ ಮೂರು-ಮೂರೂವರೆ ತಿಂಗಳ ತನಕ ಏನನ್ನು ಕಂಡಿರುತ್ತದೋ ಅದಕ್ಕೆ ಮುಂದೆ ಹೆದರುವುದಿಲ್ಲ. ಅಷ್ಟರೊಳಗೆ ಕುರಿ, ಎಮ್ಮೆ, ಟ್ರ್ಯಾಕ್ಟರ್ ಸದ್ದು, ಟೊಪ್ಪಿಗೆ ಹಾಕಿದವರು, ಬುರ್ಖಾ ತೊಟ್ಟವರು, ಕೋಲು ಹಿಡಿದ ಮುದುಕರು, ಗಲಾಟೆ ಮಾಡುವ ಮಕ್ಕಳು ಎಲ್ಲ ತೋರಿಸಿ. ಲಸಿಕೆ ಪೂರ್ತಿ ಆಗಿರದಿದ್ದರೆ ನೆಲಕ್ಕೆ ಬಿಡದೆ ಎತ್ತಿಕೊಂಡೇ ತೋರಿಸಬಹುದು. ದವಾಖಾನೆಯಲ್ಲಿ ಬಾಯಿ ತೆರೆಯಲು, ಕಿವಿ ನೋಡಲು, ಕಾಲು ಹಿಡಿಯಲು ಬಿಡುವಂತೆ ಮನೆಯಲ್ಲೇ ದಿನಾ ಮುಟ್ಟಿ ರೂಢಿ ಮಾಡಿಸಿ. ಸೂಜಿ ಹಾಕಿಸುವಾಗ ನಾಲ್ಕು ಮಂದಿ ಹಿಡಿಯಬೇಕಾದ ಪ್ರಸಂಗ ಬರುವುದಿಲ್ಲ. ಬಹಳ ಜನ ನಾಯಿಯನ್ನು ದವಾಖಾನೆಗೆ ಒಯ್ಯದಿರಲು ನಿಜವಾದ ಕಾರಣವೇ ಇದು: ಹಿಡಿಯಲು ಬರುವುದಿಲ್ಲ.

ಇನ್ನು ಕಬ್ಬಿಗೆ ಹೋಗುವವರ ಮಾತು. ನಾಯಿಯನ್ನು ಜತೆಗೆ ಒಯ್ಯಲು ಆಗುವುದಾದರೆ ಒಯ್ಯಿರಿ. ಕಾರ್ಖಾನೆ ಹತ್ತಿರದ ಕೋಪಿಗಳಲ್ಲಿ ರಾತ್ರಿ ಹೆಂಗಸರು, ಮಕ್ಕಳು ಮಲಗಿರುವಾಗ ಒಂದು ನಾಯಿ ಇದ್ದರೆ ಧೈರ್ಯ. ಒಯ್ಯಲಾಗದಿದ್ದರೆ ಓಣಿಯಲ್ಲಿ ಉಳಿಯುವ ಒಂದು ಮನೆಗೆ ವಹಿಸಿ ಕೊಡಿ. ಬಾಯಿ ಮಾತಿಗೆ ಬಿಡಬೇಡಿ. ಮುಕಾದಮ ಕೊಟ್ಟ ಉಚಲಿಯಲ್ಲಿ ಒಂದಿಷ್ಟು ದುಡ್ಡು, ಇಲ್ಲವೇ ಅರ್ಧ ಚೀಲ ಜೋಳ ಆ ಮನೆಯ ಕಾಕಾಗೋ ಅಜ್ಜಿಗೋ ಕೊಟ್ಟು, ‘ದಿನಾ ಎರಡು ರೊಟ್ಟಿ, ನೀರು, ಮೈಗೆ ಗಾಯ ಕಂಡ್ರ ಫೋನ್ ಮಾಡ್ರಿ’ ಎಂದು ಹೇಳಿ ಹೋಗಿ. ನಾಯಿಯ ಲಸಿಕೆ ಕಾರ್ಡ್ ಅವರ ಹತ್ತಿರವೇ 놓ಬಾರದು ಎಂದೇನಿಲ್ಲ, ಅವರಿಗೇ ಕೊಟ್ಟಿಡಿ. ಒಂದು ಫೋಟೊ ನಿಮ್ಮ ಮೊಬೈಲಿನಲ್ಲಿ ಇರಲಿ. ಕೊರಳಿಗೆ ಬೆಲ್ಟ್ ಹಾಕಿ ಅದರ ಮೇಲೆ ಫೋನ್ ನಂಬರ್ ಬರೆಯಿರಿ. ಬೆಲ್ಟಿನೊಳಗೆ ಎರಡು ಬೆರಳು ಆಡುವಷ್ಟು ಸಡಿಲ ಬೇಕು. ಬೆಳೆಯುವ ಮರಿಗೆ ಹಾಕಿ ಹೋದರೆ ಬರುವಷ್ಟರಲ್ಲಿ ಕೊರಳು ಕೊಯ್ದಿರುತ್ತದೆ, ಆದ್ದರಿಂದ ಮರಿಯ ಬೆಲ್ಟ್ ಸಡಿಲಿಸುವ ಕೆಲಸವನ್ನೂ ಆ ಮನೆಯವರಿಗೆ ಹೇಳಿಡಿ.

ಮೊದಲ ಸಲ ಹಾಕಿದ ರೇಬೀಸ್ ಲಸಿಕೆ ಮೈಗೆ ಹತ್ತಿ ಶಕ್ತಿ ಬರಲು ಮೂರು-ನಾಲ್ಕು ವಾರ ಬೇಕು. ಟ್ರ್ಯಾಕ್ಟರ್ ಬರುವ ಹಿಂದಿನ ದಿನ ದವಾಖಾನೆಗೆ ಓಡಿದರೆ ತಡ ಆಯಿತು. ಪ್ರತಿ ವರ್ಷ ಸೆಪ್ಟೆಂಬರ್ 28 ವಿಶ್ವ ರೇಬೀಸ್ ದಿನ, ಪಾಶ್ಚರ್ ತೀರಿಕೊಂಡ ದಿನ. ಆ ಆಸುಪಾಸಿನಲ್ಲಿ ಅನೇಕ ಕಡೆ ಪಶು ದವಾಖಾನೆಗಳಲ್ಲಿ ನಾಯಿಗಳಿಗೆ ಪುಕ್ಕಟೆ ಲಸಿಕೆ ಶಿಬಿರ ಇಡುತ್ತಾರೆ. ಅದು ದಸರೆಯ ಹೊತ್ತು, ಊರಿನಲ್ಲಿ ಎಲ್ಲರೂ ಇರುತ್ತಾರೆ. ಶಿಬಿರ ಯಾವ ದಿನ ಎಂದು ತಾಲ್ಲೂಕಿನ ಪಶು ದವಾಖಾನೆಯಲ್ಲಿ ಒಂದು ವಾರ ಮೊದಲೇ ಕೇಳಿಟ್ಟುಕೊಳ್ಳಿ. ಹೋಗುವಾಗ ನಾಯಿಗೆ ಗಟ್ಟಿ ಹಗ್ಗ, ಕಿಸೆಯಲ್ಲಿ ಎರಡು ರೊಟ್ಟಿ ಚೂರು ಇರಲಿ.